ರೋಮನರ ಆಳ್ವಿಕೆಯಲ್ಲಿ ಈಜಿಪ್ಟಿನ ಗ್ರಾಮಾಡಳಿತ

ಸಾಮ್ರಾಜ್ಯಗಳ ಚರಿತ್ರೆಯು ಬಹುಮಟ್ಟಿಗೆ ರಾಜಧಾನಿಗಳ ಚರಿತ್ರೆಯೇ ಆಗಿರುವುದು. ರೋಮನ್ ಚಕ್ರವರ್ತಿಗಳ ದಿಗ್ವಿಜಯಗಳನ್ನೂ, ಸೆನೆಟ್ ಸಭೆಯ ವಾದವಿವಾದಗಳನ್ನೂ, ನಗರಗಳ ರಂಗಮಂದಿರ ಸ್ನಾನಗೃಹಗಳನ್ನೂ ವರ್ಣಿಸುವ ಗ್ರಂಥಗಳು ಹೇರಳವಾಗಿವೆ. ಆದರೆ ಆ ಚಕ್ರಾಧಿಪತ್ಯಕ್ಕೆ ಅನ್ನವನ್ನೂ ತೆರಿಗೆಯನ್ನೂ ಒದಗಿಸುತ್ತಿದ್ದ ಹಳ್ಳಿಗಳು ತಮ್ಮ ದೈನಂದಿನ ವ್ಯವಹಾರವನ್ನು ಹೇಗೆ ನಡೆಸಿಕೊಳ್ಳುತ್ತಿದ್ದುವೆಂಬುದನ್ನು ಆ ಕಾಲದ ಇತಿಹಾಸಕಾರರು ಹೇಳಹೋಗಿಲ್ಲ. ಅವರ ಈ ಮೌನವನ್ನು ತುಂಬಿಕೊಡುವ ಸಾಮಗ್ರಿಯು ಸಮೃದ್ಧವಾಗಿ ದೊರೆತಿರುವುದು ಈಜಿಪ್ಟ್ ದೇಶವೊಂದರಲ್ಲಿಯೇ.

ನೈಲ್ ನದಿಯ ಜವುಗಿನಲ್ಲಿ ಬೆಳೆಯುವ ಒಂದು ಬಗೆಯ ಜೊಂಡಿನಿಂದ ಮಾಡಿದ ಬರಹದ ಹಾಳೆಗೆ ಪಪೈರಸ್ ಎಂದು ಹೆಸರು. ಮಳೆಯು ಅತಿವಿರಳವಾದ ಆ ನಾಡಿನ ಒಣಮರಳಿನಲ್ಲಿ ಹೂತುಹೋದ ಹಾಳೆಗಳು ಎರಡು ಸಾವಿರ ವರ್ಷಗಳು ಕಳೆದರೂ ಕೊಳೆಯದೆ ಉಳಿದಿವೆ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರಿಬ್ಬರು ೧೮೯೬-೯೭ರಲ್ಲಿ ಆಕ್ಸಿರಿಂಕಸ್ ಪಟ್ಟಣದ ಹಳೆಯ ಕಸದ ದಿಬ್ಬಗಳನ್ನು ಅಗೆಯಿಸತೊಡಗಿದರು. ಈ ಸ್ಥಳದ ಹೆಸರು ಕನ್ನಡ ವಿದ್ವಾಂಸರಿಗೆ ಅಪರಿಚಿತವಲ್ಲ. ಅಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನದೊಳಗಿನ ಅನ್ಯಭಾಷೆಯ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಜ್ ಪಂಡಿತರು ೧೯೦೪ರಲ್ಲಿ ಸೂಚಿಸಿದರು, ಆರ್. ಶಾಮಾಶಾಸ್ತ್ರಿಗಳೂ ಎಂ. ಗೋವಿಂದ ಪೈಗಳೂ ಆ ವಿಚಾರವನ್ನು ಮುಂದುವರಿಸಿದರು. ಆ ವಾದಕ್ಕೆ ಎಲ್ಲ ವಿದ್ವಾಂಸರ ಸಮ್ಮತಿಯು ದೊರೆತಿಲ್ಲ. ಅದು ಹೇಗೇ ಇರಲಿ, ಆ ದಿಬ್ಬಗಳಲ್ಲಿಯೂ ಫಯ್ಯೂಮ್ ಪ್ರಾಂತದ ಹಾಳೂರುಗಳಲ್ಲಿಯೂ ಸಿಕ್ಕಿದ ಹಾಳೆಗಳಲ್ಲಿ ಕಾವ್ಯನಾಟಕಗಳ ಪಾಲು ಸ್ವಲ್ಪವೇ ಸರಿ. ಉಳಿದುವೆಲ್ಲ ತೆರಿಗೆಯ ರಸೀತಿಗಳು, ಜನಗಣತಿಯ ಪಟ್ಟಿಗಳು, ಗೇಣಿಯ ಕರಾರುಗಳು, ಅಧಿಕಾರಿಗಳಿಗೆ ಬರೆದ ಅರ್ಜಿಗಳು. ಹಳ್ಳಿಯ ಜೀವನವು ಇವುಗಳಲ್ಲಿ ಇದ್ದುದು ಇದ್ದಂತೆಯೇ ಕಾಣುತ್ತದೆ. ಇವುಗಳ ಆಧಾರದಿಂದ ವಿಚಾರಿಸಬೇಕಾದ ಪ್ರಶ್ನೆಯು ಒಂದುಂಟು: ರೋಮನರ ಕಾಲದ ಈಜಿಪ್ಟಿನ ಗ್ರಾಮಗಳಲ್ಲಿ ಊರಿನವರೇ ಊರಿನ ಕಾರ್ಯಗಳನ್ನೆಲ್ಲ ನಡೆಸುತ್ತಿದ್ದರಷ್ಟೆ, ಹಾಗಾದರೆ ಅದನ್ನು ಸ್ವಯಮಾಡಳಿತವೆಂದು ಕರೆಯಬಹುದೆ?

೧. ಆಡಳಿತದ ಚೌಕಟ್ಟು

ಕ್ರಿ. ಪೂ. ೩೦ರಲ್ಲಿ ಕ್ಲಿಯೋಪಾತ್ರಳು ಮೃತಳಾಗಲು ಟಾಲೆಮಿ ವಂಶವು ಕೊನೆಗಂಡು, ಈಜಿಪ್ಟ್ ದೇಶವು ಮುಂದೆ ಆಗಸ್ಟಸ್ ಎಂಬ ಬಿರುದನ್ನು ಧರಿಸಿದ ಆಕ್ಟೇವಿಯನ್ನನ ವಶವಾಯಿತು. ರೋಮ್ ನಗರದ ಧಾನ್ಯಕ್ಕೆ ಮುಖ್ಯ ಆಕರಗಳಲ್ಲಿ ಒಂದಾದ ಈ ದೇಶವನ್ನು ಆತನು ಬಹು ಎಚ್ಚರಿಕೆಯಿಂದ ಕಾಪಾಡಿಕೊಂಡನು. ಸೆನೆಟ್ ಸಭೆಯ ಸದಸ್ಯರು ಅಪ್ಪಣೆಯಿಲ್ಲದೆ ಅಲ್ಲಿಗೆ ಕಾಲಿಡಕೂಡದೆಂದು ವಿಧಿಸಿ, ಅವರಿಗಿಂತ ಕೆಳಗಿನ ಅಶ್ವಾರೋಹಿ ವರ್ಗಕ್ಕೆ ಸೇರಿದ ಒಬ್ಬನನ್ನು ಪ್ರಿಫೆಕ್ಟ್ ಎಂಬ ಹೆಸರಿನಿಂದ ರಾಜಪ್ರತಿನಿಧಿಯನ್ನಾಗಿ ನಿಯಮಿಸಿದನು. ಅವನ ವಾಸಸ್ಥಾನವು ಅಲೆಕ್ಸಾಂಡ್ರಿಯಾ. ದೇಶವು ನೋಮ್ ಎಂಬ ಜಿಲ್ಲೆಗಳಾಗಿ ವಿಭಾಗವಾಗಿದ್ದಿತು. ಜಿಲ್ಲೆಯ ಮುಖ್ಯಾಧಿಕಾರಿಗೆ ಸ್ಟ್ರಟೇಗೋಸ್ ಎಂದು ಹೆಸರು. ಈ ಗ್ರೀಕ್ ಶಬ್ದಕ್ಕೆ ಸೇನಾಪತಿಯೆಂಬುದು ಮೂಲಾರ್ಥವಾದರೂ, ಈ ಕಾಲಕ್ಕೆ ಅವನಿಗೆ ಸೇನೆಯ ಸಂಬಂಧವು ಉಳಿದಿರಲಿಲ್ಲ. ಕಂದಾಯ ಮತ್ತು ಲೆಕ್ಕಪತ್ರಗಳೇ ಅವನ ಕಾರ್ಯ. ಅವನಿಗೆ ಸಹಾಯಕನಾಗಿ ರಾಜಲೇಖಕನೊಬ್ಬನಿರುತ್ತಿದ್ದನು. ಜಿಲ್ಲೆಯ ಕೆಳಗೆ ಹೋಬಳಿಗೆ ಸಮಾನವಾದ ವಿಭಾಗಗಳು, ಅವುಗಳ ಕೆಳಗೆ ಕೋಮೆ ಎಂದರೆ ಗ್ರಾಮ.

ಪ್ರಿಫೆಕ್ಟನ ಆಜ್ಞೆಯು ಈ ಮೆಟ್ಟಲುಗಳನ್ನು ಒಂದೊಂದಾಗಿ ಇಳಿದು ಗ್ರಾಮಕ್ಕೆ ಬರುತ್ತಿದ್ದಿತು. ಗ್ರಾಮದ ಲೆಕ್ಕವು ಅದೇ ಮೆಟ್ಟಲುಗಳನ್ನು ಏರಿ ಅಲೆಕ್ಸಾಂಡ್ರಿಯಾಕ್ಕೆ ಹೋಗುತ್ತಿದ್ದಿತು. ಹದಿನಾಲ್ಕು ವರ್ಷಗಳಿಗೊಮ್ಮೆ ಮನೆಮನೆಯ ಜನಗಣತಿ ನಡೆಯುತ್ತಿದ್ದಿತು. ಹದಿನಾಲ್ಕು ವಯಸ್ಸು ತುಂಬಿದ ಗಂಡಸರು ತಲೆಗಂದಾಯವನ್ನು ತೆರಬೇಕಾಗಿದ್ದುದೇ ಈ ಅವಧಿಗೆ ಕಾರಣವೆಂದು ತೋರುತ್ತದೆ. ಪ್ರತಿಯೊಬ್ಬನಿಗೂ ಇಡಿಯಾ ಎಂಬ ಸ್ವಸ್ಥಾನವು ನಿಯತವಾಗಿದ್ದಿತು. ಅವನ ತೆರಿಗೆಯೂ ಸೇವೆಯೂ ಆ ಸ್ಥಾನಕ್ಕೆ ಕಟ್ಟುಬಿದ್ದುವು. ಕ್ರಿ. ಶ. ೧೦೪ರ ಗಣತಿಯ ಸಮಯದಲ್ಲಿ, ಪರಸ್ಥಳಗಳಲ್ಲಿರುವವರೆಲ್ಲ ತಮ್ಮ ತಮ್ಮ ಮನೆಗಳಿಗೆ ಹಿಂದಿರುಗಬೇಕೆಂದು ಪ್ರಿಫೆಕ್ಟನಾದ ಗೇಯಸ್ ವಿಬಿಯಸ್ ಮ್ಯಾಕ್ಸಿಮಸ್ ಹೊರಡಿಸಿದ ಶಾಸನವು ಈಗಲೂ ಉಳಿದಿದೆ.

೨. ಗ್ರಾಮಲೇಖಕ

ಗ್ರಾಮದಲ್ಲಿ ಸರಕಾರದ ಕಣ್ಣಾಗಿದ್ದವನು ಕೋಮೋಗ್ರಮ್ಮಟ್ಯೂಸ್. ಕೋಮೆ ಎಂದರೆ ಗ್ರಾಮ, ಗ್ರಮ್ಮಟ್ಯೂಸ್ ಎಂದರೆ ಲೇಖಕ. ಹೊಲಗಳ ಅಳತೆ, ಸಾಗುವಳಿಯ ವಿವರ, ನೀರೇರಿದ ಭೂಮಿ ಮತ್ತು ಏರದ ಭೂಮಿಯ ಲೆಕ್ಕ, ಜನನಮರಣಗಳ ಪಟ್ಟಿ ಇವೆಲ್ಲ ಅವನ ಕೈಯಲ್ಲಿದ್ದುವು. ಆದುದರಿಂದ ಅವನನ್ನು ಹಿಂದಿನ ನಮ್ಮ ಶಾನುಭೋಗನಿಗೆ ಹೋಲಿಸುವುದು ಸಹಜ. ಆದರೆ ಹೋಲಿಕೆಯು ಕೆಲಸದ ಮಟ್ಟಿಗೆ ಮಾತ್ರ ಸಲ್ಲುತ್ತದೆ. ಶಾನುಭೋಗಿಕೆಯು ವಂಶಪರಂಪರೆಯಾಗಿ ಒಂದೇ ಊರಿನಲ್ಲಿ ನಡೆದುಬರುತ್ತಿದ್ದಿತು. ರೋಮನರ ಕಾಲದ ಗ್ರಾಮಲೇಖಕನಾದರೋ ಕೆಲವು ವರ್ಷಗಳ ಮಟ್ಟಿಗೆ, ಅದೂ ತನ್ನದಲ್ಲದ ಊರಿಗೆ ನೇಮಕವಾಗುತ್ತಿದ್ದನು.

ಈ ಹುದ್ದೆಯಲ್ಲಿ ಆದ ಬದಲಾವಣೆಯು ಎರಡು ಉದಾಹರಣೆಗಳಿಂದ ಸ್ಪಷ್ಟವಾಗುವುದು. ಟಾಲೆಮಿ ಅರಸರ ಕಾಲದಲ್ಲಿ, ಕ್ರಿ. ಪೂ. ೧೧೯ರ ಸುಮಾರಿನಲ್ಲಿ, ಕೆರ್ಕೆಓಸಿರಿಸ್ ಗ್ರಾಮದ ಮೆಂಖೇಸ್ ಎಂಬವನು ತನ್ನ ಲೇಖಕ ಪದವಿಯನ್ನು ಮತ್ತೆ ಪಡೆಯುವುದಕ್ಕಾಗಿ ೫೦ ಆರ್ಟಬಾ ಗೋಧಿಯನ್ನೂ ೫೦ ಆರ್ಟಬಾ ಬೇಳೆಕಾಳನ್ನೂ ಕೊಡಲು ಒಪ್ಪಿ, ಪಾಳುಬಿದ್ದ ಹತ್ತು ಅರೂರಾ ಭೂಮಿಯನ್ನು ಸ್ವಂತ ವೆಚ್ಚದಿಂದ ಸಾಗುವಳಿ ಮಾಡುವೆನೆಂದೂ ಮಾತು ಕೊಟ್ಟನು. ಆರ್ಟಬಾ ಎಂಬುದು ಧಾನ್ಯದ ಅಳತೆ, ಅರೂರಾ ಎಂಬುದು ಭೂಮಿಯ ಅಳತೆ. ಬೆಲೆ ಕೊಟ್ಟು ಬೇಡುವ ಪದವಿಯಲ್ಲಿ ಲಾಭವೂ ಗೌರವವೂ ಇದ್ದಿರಲೇಬೇಕು.

ಮೂರು ಶತಮಾನಗಳು ಕಳೆದಮೇಲೆ, ಕ್ರಿ. ಶ. ೧೮೪ರಿಂದೀಚೆಗೆ, ಪ್ಟೊಲೆಮಾಯಿಸ್ ಹೊರ್ಮೂ ಗ್ರಾಮದ ಲೇಖಕನಾಗಿದ್ದವನು ಪೆಟೌಸ್. ಅವನ ಸ್ವಂತ ಊರು ಕರಾನಿಸ್. ೧೯೬೯ರಲ್ಲಿ ಪ್ರಕಟವಾದ ಅವನ ದಫ್ತರದಿಂದ ಒಂದು ವಿಚಿತ್ರ ಸಂಗತಿಯು ಬೆಳಕಿಗೆ ಬಂದಿತು. ಗ್ರಾಮಲೇಖಕನಾದ ಪೆಟೌಸನಿಗೆ ಬರೆಯಲು ಬರುತ್ತಿರಲಿಲ್ಲ! ಗ್ರಾಮಲೇಖಕನಾದ ತಾನು ಈ ಪತ್ರವನ್ನು ಸಲ್ಲಿಸಿರುವೆನೆಂಬ ಅರ್ಥದ ಒಂದೇ ವಾಕ್ಯವನ್ನು ಅವನು ಒಂದು ಹಾಳೆಯ ಮೇಲೆ ಮತ್ತೆ ಮತ್ತೆ ತಿದ್ದಿದ್ದಾನೆ. ನಾಲ್ಕಾರು ಸಾಲುಗಳಾದಮೇಲೆ ಕ್ರಿಯಾಪದದ ಮೊದಲನೆಯ ಅಕ್ಷರವು ಬಿಟ್ಟುಹೋಗಿದೆ. ಮುಂದಿನ ಸಾಲುಗಳಲ್ಲಿಯೂ ಅದೇ ತಪ್ಪು. ಅವನು ಓದಿ ಬರೆಯುತ್ತಿರಲಿಲ್ಲ, ಮೇಲಿನ ಸಾಲಿನ ಆಕಾರವನ್ನು ಕೆಳಗೆ ಇಳಿಸುತ್ತಿದ್ದನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ. ಇನ್ನೂ ಸ್ವಾರಸ್ಯವಾದುದೇನೆಂದರೆ, ನೆರೆಯ ಗ್ರಾಮದ ಲೇಖಕನಾದ ಇಸ್ಖಿರಿಯೋನನು ನಿರಕ್ಷರನೆಂಬ ದೂರು ಬಂದಾಗ ವಿಚಾರಣೆಯು ಈ ಪೆಟೌಸನ ಪಾಲಿಗೇ ಬಂದಿತು. ಆತನು ಕಾಗದಪತ್ರಗಳಿಗೆ ರುಜು ಹಾಕುತ್ತಿರುವುದರಿಂದ ನಿರಕ್ಷರನಲ್ಲವೆಂದು ಪೆಟೌಸನು ವರದಿ ಒಪ್ಪಿಸಿದನು.

ಇದನ್ನು ಓದಿ ನಗುವುದು ಸುಲಭ. ಆದರೆ ನಿರಕ್ಷರನನ್ನು ಲೇಖಕನಾಗಿ ನೇಮಿಸಿದ ಸರಕಾರವು ಅವನಲ್ಲಿ ಏನನ್ನು ಅಪೇಕ್ಷಿಸಿತೆಂಬುದು ವಿಚಾರಾರ್ಹ. ಬರೆಯುವುದಕ್ಕೆ ಗುಮಾಸ್ತರು ದೊರೆಯುತ್ತಿದ್ದರು. ಲೆಕ್ಕದಲ್ಲಿ ನಷ್ಟ ಕಂಡುಬಂದರೆ ತುಂಬಿಕೊಡಲು ಆಸ್ತಿಯುಳ್ಳ ಒಬ್ಬ ಮನುಷ್ಯನು ಬೇಕಾಗಿದ್ದನು. ಮೆಂಖೇಸನು ಬೇಡಿ ಪಡೆದ ಪದವಿಯು ಪೆಟೌಸನ ಕಾಲಕ್ಕೆ ಹೊರಿಸಿದ ಹೊರೆಯಾಗಿದ್ದಿತು.

೩. ಹಿರಿಯರೂ ಇತರ ಗ್ರಾಮಸೇವಕರೂ

ಲೇಖಕನ ಹೊರತು ಗ್ರಾಮದ ಉಳಿದ ಕಾರ್ಯಕರ್ತರೆಲ್ಲ ಆ ಊರಿನವರೇ. ಇವರಲ್ಲಿ ಮುಖ್ಯರಾದವರು ಪ್ರೆಸ್ಬಿಟೆರೋಸ್ ಎನಿಸಿಕೊಂಡ ಹಿರಿಯರು. ಈ ಶಬ್ದಕ್ಕೆ ಹೆಚ್ಚು ವಯಸ್ಸಾದವನೆಂದು ಅರ್ಥ. ಮುಂದೆ ಕ್ರೈಸ್ತಸಭೆಗಳಲ್ಲಿ ಧರ್ಮಾಧಿಕಾರಿಗೆ ಸಂದುದೂ ಇದೇ ಶಬ್ದ. ಆದರೆ ಗ್ರಾಮದ ಹಿರಿಯರು ನಿಜವಾಗಿ ವೃದ್ಧರಾಗಿರಬೇಕೆಂಬ ನಿಯಮವಿರಲಿಲ್ಲ. ಮಧ್ಯವಯಸ್ಕರ ಹೆಸರುಗಳೂ ಪಟ್ಟಿಗಳಲ್ಲಿವೆ. ಅವರು ಕೆಲವರು ಗುಂಪಾಗಿ ಒಂದು ವರ್ಷದ ಅವಧಿಗೆ ನಿಂತು, ತೆರಿಗೆಯ ವಸೂಲಿಗೂ ಊರಿನ ಶಾಂತಿಗೂ ಉತ್ತರವಾದಿಗಳಾಗುತ್ತಿದ್ದರು. ಧಾನ್ಯರೂಪದ ಕಂದಾಯವನ್ನು ಕಣದಿಂದ ಅಳೆದು ಉಗ್ರಾಣಕ್ಕೆ ಸೇರಿಸುವವರು ಸಿಟೊಲೋಗರು. ಹಣದ ತೆರಿಗೆಯನ್ನು ಎತ್ತುವವರು ಪ್ರಾಕ್ಟೋರರು. ಕಳ್ಳಕಾಕರನ್ನು ಹಿಡಿದುಕೊಡುವವನು ಆರ್ಖೆಫೋದೋಸ್, ಅವನ ಕೆಳಗೆ ಊರಕಾವಲಿನವರು. ಕಾಲುವೆ ಏರಿಗಳ ಮೇಲ್ವಿಚಾರಕರು ಬೇರೆ. ಇದಲ್ಲದೆ ರೈತರು ವರ್ಷಕ್ಕೆ ಐದು ದಿನ ಕಾಲುವೆ ಮತ್ತು ಏರಿಗಳ ದುರಸ್ತಿಯಲ್ಲಿ ಬಿಟ್ಟಿಯಾಗಿ ದುಡಿಯಬೇಕಾಗಿದ್ದಿತು. ಹಾಗೆ ದುಡಿದುದಕ್ಕೆ ಕೊಟ್ಟ ಚಿಕ್ಕ ಚಿಕ್ಕ ರಸೀತಿಗಳು ಅನೇಕವಾಗಿ ಸಿಕ್ಕಿವೆ.

ಈ ಸೇವೆಗಳಿಗೆ ಲೈಟೂರ್ಗಿಯಾ ಎಂದು ಹೆಸರು. ಜನಕಾರ್ಯವೆಂಬುದು ಅದರ ಅವಯವಾರ್ಥ. ಪ್ರಾಚೀನ ಅಥೆನ್ಸಿನಲ್ಲಿ ಶ್ರೀಮಂತನೊಬ್ಬನು ತನ್ನ ಹಣದಿಂದ ನಾಟಕವನ್ನಾಡಿಸಿದರೆ ಅಥವಾ ನೌಕೆಯನ್ನು ಸಜ್ಜುಗೊಳಿಸಿದರೆ ಅದು ಲೈಟೂರ್ಗಿಯಾ, ಅದರಲ್ಲಿ ಕೀರ್ತಿಯಿದ್ದಿತು. ರೋಮನರ ಈಜಿಪ್ಟಿನಲ್ಲಿ ಅದೇ ಶಬ್ದವು ಒತ್ತಾಯದ ಸೇವೆಯೆಂಬ ಅರ್ಥವನ್ನು ತಾಳಿತು. ಒಂದೊಂದು ಸೇವೆಗೂ ಇಷ್ಟು ಆಸ್ತಿಯಿರಬೇಕೆಂಬ ಮಿತಿಯಿದ್ದಿತು. ಗ್ರಾಮಲೇಖಕನು ಅರ್ಹರ ಪಟ್ಟಿಯನ್ನು ಮಾಡಿ ಸ್ಟ್ರಟೇಗೋಸನಿಗೆ ಕಳುಹಿಸುತ್ತಿದ್ದನು. ಕೆಲವು ಸೇವೆಗಳಿಗೆ ಮೇಲಿನ ಅಧಿಕಾರಿಯು ಚೀಟಿಯೆತ್ತಿ ಆರಿಸುತ್ತಿದ್ದನು. ಆಯ್ಕೆಯಾದವನು ಸಂಬಳವಿಲ್ಲದೆ ದುಡಿಯಬೇಕು. ವಸೂಲಿಯಲ್ಲಿ ಕೊರತೆ ಬಿದ್ದರೆ ಅವನ ಆಸ್ತಿಯೇ ಈಡು. ಅಲೆಕ್ಸಾಂಡ್ರಿಯಾದ ಪೌರರಿಗೆ ಗ್ರಾಮಗಳಲ್ಲಿ ಈ ಸೇವೆಯಿಂದ ವಿನಾಯಿತಿಯಿದ್ದಿತು. ಹೀಗೆ ಹೊರೆಯನ್ನು ಹೊರಬಲ್ಲ ಕೆಲವರು ತಪ್ಪಿಸಿಕೊಂಡಷ್ಟೂ ಅದು ಉಳಿದವರ ಮೇಲೆ ಬೀಳುತ್ತಿದ್ದಿತು.

೪. ಊರು ಬಿಟ್ಟು ಓಡಿದವರು

ಇಂತಹ ವ್ಯವಸ್ಥೆಯಲ್ಲಿ ಬಡರೈತನಿಗೆ ಉಳಿದ ಒಂದೇ ದಾರಿಯೆಂದರೆ ಪಲಾಯನ. ಗ್ರೀಕರು ಇದನ್ನು ಅನಖೋರೇಸಿಸ್, ಎಂದರೆ ಹಿಂದೆ ಸರಿಯುವಿಕೆ, ಎಂದು ಕರೆದರು. ಮುಂದೆ ಲೋಕವನ್ನು ತೊರೆದು ಮರುಭೂಮಿಯನ್ನು ಸೇರಿದ ಕ್ರೈಸ್ತ ತಪಸ್ವಿಗಳಿಗೆ ಬಂದ ಹೆಸರೂ ಈ ಶಬ್ದದಿಂದಲೇ ಹುಟ್ಟಿದುದು. ತೆರಿಗೆಗೆ ಹೆದರಿ ಊರನ್ನು ಬಿಟ್ಟವನಿಗೂ ಮೋಕ್ಷಕ್ಕಾಗಿ ಊರನ್ನು ಬಿಟ್ಟವನಿಗೂ ಆ ನಾಡಿನಲ್ಲಿ ಒಂದೇ ಹೆಸರಾಯಿತು.

ಈ ಪಲಾಯನವು ಬಹು ಬೇಗನೆ ಆರಂಭವಾಯಿತು. ಕ್ರಿ. ಶ. ೫೫-೫೯ರ ನಡುವೆ ಪ್ರಿಫೆಕ್ಟನಾಗಿದ್ದ ಬಾಲ್ಬಿಲ್ಲಸನಿಗೆ, ಫಿಲಡೆಲ್ಫಿಯಾ ಮೊದಲಾದ ಫಯ್ಯೂಮಿನ ಆರು ಗ್ರಾಮಗಳ ತೆರಿಗೆ ಎತ್ತುವವರು ಒಟ್ಟಾಗಿ ಒಂದು ಬಿನ್ನಹವನ್ನು ಮಾಡಿಕೊಂಡರು. ಹಿಂದೆ ಜನಭರಿತವಾಗಿದ್ದ ತಮ್ಮ ಊರುಗಳಲ್ಲಿ ಈಗ ಸ್ವಲ್ಪ ಮಂದಿ ಮಾತ್ರ ಉಳಿದಿರುವರೆಂದೂ, ಕೆಲವರು ಗತಿಯಿಲ್ಲದೆ ಓಡಿಹೋದರೆಂದೂ, ಕೆಲವರು ವಾರಸುದಾರರಿಲ್ಲದೆ ಸತ್ತರೆಂದೂ, ತಾವೇ ಸೋತು ಕೆಲಸವನ್ನು ಬಿಡಬೇಕಾದೀತೆಂದೂ ಅದರ ತಾತ್ಪರ್ಯ. ತೆರಿಗೆಯವನೇ ತೆರಿಗೆಯಿಂದ ಪೀಡಿತನಾಗಿದ್ದನೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಇದೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಯೆಹೂದ್ಯ ತತ್ತ್ವಜ್ಞನಾದ ಫೈಲೋ, ಓಡಿಹೋದವರ ಹೆಂಡಿರು ಮಕ್ಕಳನ್ನೂ ನೆಂಟರನ್ನೂ ಹಿಡಿದು ಹಿಂಸಿಸಿದ ಒಬ್ಬ ತೆರಿಗೆಯವನ ಕ್ರೌರ್ಯವನ್ನು ವರ್ಣಿಸಿರುವನು. ಆ ಫೈಲೋವಿನ ಸೋದರನ ಮಗನಾದ ಟೈಬೀರಿಯಸ್ ಜೂಲಿಯಸ್ ಅಲೆಕ್ಸಾಂಡರನೇ ಕ್ರಿ. ಶ. ೬೮ರಲ್ಲಿ ಪ್ರಿಫೆಕ್ಟನಾಗಿದ್ದು, ಜನರನ್ನು ಬಲಾತ್ಕಾರದಿಂದ ತೆರಿಗೆಯ ಗುತ್ತಿಗೆಗೆ ನೂಕಬಾರದೆಂದೂ ಅನ್ಯಾಯದ ವಸೂಲಿಗಳು ನಿಲ್ಲಬೇಕೆಂದೂ ದೀರ್ಘವಾದ ಶಾಸನವನ್ನು ಹೊರಡಿಸಿದನು. ಖಾರ್ಗಾ ಮರುದ್ವೀಪದ ಹಿಬಿಸ್ ದೇವಾಲಯದ ಗೋಡೆಯ ಮೇಲೆ ಅದು ಇಂದಿಗೂ ಕಾಣುತ್ತದೆ.

ಆದರೆ ಶಾಸನದಿಂದ ಮೂಲದೋಷವು ನಿವಾರಣೆಯಾಗಲಿಲ್ಲ. ಓಡಿಹೋದವನ ಪಾಲಿನ ತೆರಿಗೆಯನ್ನು ಉಳಿದ ಊರವರ ಮೇಲೆ ಹಂಚುವ ಪ್ರತ್ಯೇಕ ಕರವೊಂದು ಎರಡನೆಯ ಶತಮಾನದ ರಸೀತಿಗಳಲ್ಲಿ ಕಂಡುಬರುತ್ತದೆ. ಒಬ್ಬನು ಹೋದರೆ ಉಳಿದವರ ಹೊರೆ ಹೆಚ್ಚುವುದು. ಹೊರೆ ಹೆಚ್ಚಿದರೆ ಮತ್ತೊಬ್ಬನು ಹೋಗುವನು. ಊರನ್ನು ಒಂದಾಗಿ ಕಟ್ಟಿದ ಹಗ್ಗವೇ ಅದರ ಕೊರಳಿಗೆ ಉರುಳಾಯಿತು.

೫. ಊರಿನ ಧ್ವನಿ

ಇಷ್ಟರಿಂದ ಗ್ರಾಮಕ್ಕೆ ಸ್ವಂತ ಬುದ್ಧಿಯೂ ಸ್ವಂತ ಧ್ವನಿಯೂ ಇರಲಿಲ್ಲವೆಂದು ನಿರ್ಣಯಿಸುವುದು ಯುಕ್ತವಲ್ಲ. ಸರಕಾರದ ಪಟ್ಟಿಗಳ ಪಕ್ಕದಲ್ಲಿ ಊರವರು ತಾವಾಗಿ ಮಾಡಿಕೊಂಡ ಕಟ್ಟಳೆಗಳೂ ಉಳಿದಿವೆ. ಟೆಬ್ಟೂನಿಸ್ ಗ್ರಾಮದ ಉಪ್ಪಿನ ವ್ಯಾಪಾರಿಗಳು ಕ್ರಿ. ಶ. ೪೭ರಲ್ಲಿ ಒಂದುಗೂಡಿ ಒಂದು ಒಡಂಬಡಿಕೆಯನ್ನು ಬರೆಯಿಸಿದರು. ಅಪಿಂಖಿಸ್ ಎಂಬವನನ್ನು ಒಂದು ವರ್ಷದ ಮಟ್ಟಿಗೆ ಮುಖ್ಯಸ್ಥನನ್ನಾಗಿಯೂ ತಮ್ಮೊಳಗಿನ ತೆರಿಗೆಯನ್ನು ಕೂಡಿಸುವವನನ್ನಾಗಿಯೂ ಆರಿಸಿಕೊಂಡರು. ಮಾರಾಟದ ಊರುಗಳನ್ನು ಚೀಟಿಯೆತ್ತಿ ಹಂಚಿಕೊಂಡರು. ಒಳ್ಳೆಯ ಉಪ್ಪಿಗೆ ಅಳತೆಯೊಂದಕ್ಕೆ ಎರಡೂವರೆ ಓಬೊಲ್, ಹಗುರವಾದುದಕ್ಕೆ ಎರಡು, ಅದಕ್ಕೂ ಹಗುರವಾದುದಕ್ಕೆ ಒಂದೂವರೆ ಎಂದು ಬೆಲೆಯನ್ನು ಕಟ್ಟಿದರು; ಅದಕ್ಕಿಂತ ಕಡಿಮೆಗೆ ಮಾರಿದವನು ಸಂಘಕ್ಕೆ ೮ ದ್ರಾಖ್ಮೆ, ಸರಕಾರದ ಬೊಕ್ಕಸಕ್ಕೆ ೮ ದ್ರಾಖ್ಮೆ ದಂಡ ತೆರಬೇಕು. ತಿಂಗಳಿಗೊಮ್ಮೆ, ೨೫ನೆಯ ತಾರೀಖಿನಂದು, ಎಲ್ಲರೂ ಸೇರಿ ಪಾನಗೋಷ್ಠಿ ನಡೆಸಬೇಕು. ಆಯ್ಕೆ, ಅವಧಿ, ದಂಡ, ಕೂಟ ಇವೆಲ್ಲ ಇಲ್ಲಿ ಇವೆ. ಸರಕಾರವು ಕೇವಲ ದಂಡದ ಅರ್ಧಪಾಲಿಗೆ ಬಾಧ್ಯಸ್ಥ. ಸ್ವಯಮಾಡಳಿತವೆಂಬ ಮಾತಿಗೆ ಯೋಗ್ಯವಾದುದು ಆ ಹಳ್ಳಿಗಳಲ್ಲಿ ಏನಾದರೂ ಇದ್ದರೆ ಅದು ಇಂತಹ ಕೂಟಗಳಲ್ಲಿಯೇ ಇದ್ದಿತು.

ಎರಡನೆಯ ಸಾಧನವು ಅರ್ಜಿ. ಸಾಮಾನ್ಯ ರೈತನೂ ವಿಧವೆಯೂ ಸ್ಟ್ರಟೇಗೋಸನಿಗೆ, ಕೆಲವು ವೇಳೆ ಪ್ರಿಫೆಕ್ಟನಿಗೇ, ಅರ್ಜಿಯನ್ನು ಕೊಡಬಹುದಾಗಿದ್ದಿತು. ಗ್ರಾಮವೇ ಒಟ್ಟಾಗಿ ಚಕ್ರವರ್ತಿಯವರೆಗೆ ಹೋದುದಕ್ಕೆ ಅತ್ಯುತ್ತಮ ಸಾಕ್ಷ್ಯವು ಮಾತ್ರ ಈಜಿಪ್ಟಿನ ಹೊರಗೆ, ಈಗಿನ ಬಲ್ಗೇರಿಯದಲ್ಲಿ, ದೊರೆತಿರುವುದರಿಂದ ಅದನ್ನು ಇಲ್ಲಿ ಹೋಲಿಕೆಗಾಗಿ ತೆಗೆದುಕೊಳ್ಳಬಹುದು. ತ್ರೇಸ್ ಪ್ರಾಂತದ ಸ್ಕಾಪ್ಟೊಪರಾ ಎಂಬ ಗ್ರಾಮದಲ್ಲಿ ಬಿಸಿನೀರಿನ ಬುಗ್ಗೆಗಳಿದ್ದುವು. ಸಮೀಪದಲ್ಲಿ ಹದಿನೈದು ದಿನದ ಜಾತ್ರೆಯೊಂದು ನಡೆಯುತ್ತಿದ್ದಿತು. ಎರಡು ಸೇನಾಶಿಬಿರಗಳ ನಡುವೆ ಆ ಊರು. ಸೈನಿಕರೂ ಅಧಿಕಾರಿಗಳೂ ಬಂದು ಇಳಿದು, ಹಣ ಕೊಡದೆ ಊಟವಸತಿಗಳನ್ನು ಕಿತ್ತುಕೊಳ್ಳುತ್ತಿದ್ದರು. ಊರವರು ತಮ್ಮ ಗ್ರಾಮದವನೇ ಆದ ಪಿರಸ್ ಎಂಬ ಅಂಗರಕ್ಷಕ ಸೈನಿಕನ ಮೂಲಕ ಕ್ರಿ. ಶ. ೨೩೮ರಲ್ಲಿ ಮೂರನೆಯ ಗಾರ್ಡಿಯನ್ ಚಕ್ರವರ್ತಿಗೆ ಬಿನ್ನವಿಸಿಕೊಂಡರು. ಹಿಂದಿನ ಪ್ರಾಂತಾಧಿಕಾರಿಗಳ ಆಜ್ಞೆಗಳು ವ್ಯರ್ಥವಾದುವೆಂದೂ, ಪೀಡೆಯು ನಿಲ್ಲದಿದ್ದರೆ ಪಿತ್ರಾರ್ಜಿತ ಭೂಮಿಯನ್ನು ತೊರೆದುಹೋಗುವೆವೆಂದೂ, ಆಗ ಬೊಕ್ಕಸಕ್ಕೇ ನಷ್ಟವೆಂದೂ ತಿಳಿಸಿದರು. ಈಜಿಪ್ಟಿನಲ್ಲಿ ಪಲಾಯನವು ದುರ್ಬಲನ ಕೊನೆಯ ದಾರಿಯಾಗಿದ್ದರೆ ಇಲ್ಲಿ ಅದೇ ಊರಿನ ಆಯುಧವಾಯಿತು. ಚಕ್ರವರ್ತಿಯ ಉತ್ತರವು ಅತಿ ಸಂಕ್ಷಿಪ್ತ: ವಿಚಾರವನ್ನು ಪ್ರಾಂತಾಧಿಕಾರಿಯ ಮುಂದಿಡತಕ್ಕದ್ದು. ಯಾವ ಬಾಗಿಲಿನಿಂದ ಹತಾಶರಾಗಿ ಹೊರಟಿದ್ದರೋ ಆ ಬಾಗಿಲಿಗೇ ಅವರನ್ನು ತಿರುಗಿ ಕಳುಹಿಸಲಾಯಿತು. ಆದರೂ ಊರವರು ಆ ಬಿನ್ನಹವನ್ನೂ ಉತ್ತರವನ್ನೂ ಕಲ್ಲಿನ ಮೇಲೆ ಕೆತ್ತಿಸಿದರು.

೬. ಕೊನೆಯ ಘಟ್ಟ

ಈಜಿಪ್ಟಿನಲ್ಲಿ ಕ್ರಿ. ಶ. ೨೦೦ರ ಸುಮಾರಿಗೆ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯು ಜಿಲ್ಲೆಯ ಮುಖ್ಯಪಟ್ಟಣಗಳಿಗೆ ಪೌರಸಭೆಗಳನ್ನು ಅನುಗ್ರಹಿಸಿದನು. ಗ್ರಾಮಗಳಿಗೆ ಅಂತಹ ಸಭೆ ದೊರೆಯಲಿಲ್ಲ; ಜಿಲ್ಲೆಯ ತೆರಿಗೆಯ ಹೊಣೆಯಲ್ಲಿ ಪಟ್ಟಣದ ಸಭಾಸದರಿಗೂ ಪಾಲು ಬಂದುದರಿಂದ ಹಳ್ಳಿಯು ಇನ್ನೊಬ್ಬ ಯಜಮಾನನನ್ನು ಪಡೆಯಿತು. ಸುಮಾರು ೨೪೫ರಲ್ಲಿ ಗ್ರಾಮಲೇಖಕನ ಹುದ್ದೆಯು ಮರೆಯಾಗಿ, ಕೋಮಾರ್ಖರೆಂಬ ಗ್ರಾಮಮುಖ್ಯರು ಅವನ ಕಾರ್ಯವನ್ನು ವಹಿಸಿಕೊಂಡರು. ಕರಾನಿಸಿನ ಆರೇಲಿಯಸ್ ಇಸಿದೋರಸನೆಂಬ ಅನಕ್ಷರಸ್ಥ ರೈತನ ಕಾಗದಪತ್ರಗಳು ಈ ಕಾಲದ ಸ್ಥಿತಿಯನ್ನು ತೋರಿಸುತ್ತವೆ. ಡಯೊಕ್ಲೀಷಿಯನ್ನನ ಹೊಸ ತೆರಿಗೆಯನ್ನು ಸಾರುವ ೨೯೭ರ ಶಾಸನದ ಪ್ರತಿಯು ದೊರೆತಿರುವುದು ಇವುಗಳಲ್ಲಿಯೇ. ಪ್ರತಿಯೊಂದು ಹಳ್ಳಿಗೂ ಅದರ ನಕಲನ್ನು ಕಳುಹಿಸಬೇಕೆಂದು ಅದರಲ್ಲಿ ವಿಧಿಸಿದೆ. ಇಸಿದೋರಸನು ಧಾನ್ಯವಸೂಲಿಯವನಾಗಿಯೂ ಕೋಮಾರ್ಖನಾಗಿಯೂ ಸರದಿಯ ಮೇಲೆ ದುಡಿದನು. ಸರದಿ ಮುಗಿದಮೇಲೆ ಇತರ ಗ್ರಾಮಾಧಿಕಾರಿಗಳು ತನಗೆ ಅನ್ಯಾಯ ಮಾಡಿದರೆಂದು ಅರ್ಜಿಗಳನ್ನು ಬರೆಯಿಸಿದನು. ಈ ವರ್ಷ ವಸೂಲಿ ಮಾಡುವವನೇ ಮುಂದಿನ ವರ್ಷ ದೂರುವವನು. ಸರಕಾರದ ಹೊರೆಯು ಊರವರನ್ನು ಒಬ್ಬರ ಮೇಲೊಬ್ಬರನ್ನು ನಿಲ್ಲಿಸಿದ್ದಿತು.

ಇದರ ಪರಿಣಾಮವು ಫಯ್ಯೂಮಿನ ಅಂಚಿನಲ್ಲಿ, ಕಾಲುವೆಯ ತುದಿಯಲ್ಲಿದ್ದ ಥಿಯಡೆಲ್ಫಿಯಾ ಗ್ರಾಮದಲ್ಲಿ ಕಾಣುತ್ತದೆ. ಮೇಲಿನ ಊರುಗಳವರು ನೀರನ್ನು ತಡೆದುದರಿಂದ ಅದರ ಹೊಲಗಳು ಒಣಗಿದುವು. ಜನರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಕ್ರಿ. ಶ. ೩೩೨ರ ಸುಮಾರಿನಲ್ಲಿ ಸಕಾವೋನ್ ಮೊದಲಾದವರು ಪ್ರಿಫೆಕ್ಟನಿಗೆ ಕೊಟ್ಟ ಅರ್ಜಿಯ ಪ್ರಕಾರ ಇಡೀ ಊರಿನಲ್ಲಿ ಉಳಿದವರು ಮೂವರು. ನೀರು ಕಾಣದ ೫೦೦ ಅರೂರಾ ಭೂಮಿಯ ಕಂದಾಯವನ್ನು ಆ ಮೂವರೇ ತೆರಬೇಕಾಗಿದ್ದಿತು. ಓಡಿಹೋದವರನ್ನು ಹುಡುಕಿಕೊಂಡು ಅವರು ಬೇರೆ ಜಿಲ್ಲೆಗಳಿಗೆ ಹೋದರು. ಸಿಕ್ಕಿದವರು ಆಶ್ರಯದಾತರ ಬೆಂಬಲದಿಂದ ಬರಲೊಲ್ಲೆವೆಂದರು. ಆ ಅರ್ಜಿಯಲ್ಲಿ ಮೂವರು ಮಾತನಾಡುವುದು ತಮ್ಮ ಹೆಸರಿನಲ್ಲಿ ಮಾತ್ರವಲ್ಲ, ಗ್ರಾಮದ ಪರವಾಗಿ. ಜನರಿಲ್ಲದಿದ್ದರೂ ತೆರಿಗೆಯ ಪಟ್ಟಿಯಲ್ಲಿ ಗ್ರಾಮವು ಜೀವಿಸಿದ್ದಿತು.

ಉಪಸಂಹಾರ

ಮೇಲೆ ಹೇಳಿದ ಸಂಗತಿಗಳಿಂದ ಸಿದ್ಧವಾಗುವುದಿಷ್ಟು. ಆಡಳಿತವನ್ನು ನಡೆಸುವವರು ಊರಿನವರೇ ಆಗಿರುವುದು ಸ್ವಯಮಾಡಳಿತದ ಲಕ್ಷಣವೆಂದು ಎಣಿಸಿದರೆ, ರೋಮನರ ಈಜಿಪ್ಟಿಗಿಂತ ಸ್ವತಂತ್ರವಾದ ಗ್ರಾಮಗಳು ಬೇರೆ ಇಲ್ಲವೆಂದು ಹೇಳಬೇಕಾಗುವುದು. ಆದರೆ ಎಷ್ಟು ತೆರಿಗೆ ಎತ್ತಬೇಕು, ಅದನ್ನು ಯಾವುದಕ್ಕೆ ವೆಚ್ಚ ಮಾಡಬೇಕು, ಯಾರನ್ನು ಬಿಡಬೇಕು ಎಂಬುದನ್ನು ನಿಶ್ಚಯಿಸುವ ಅಧಿಕಾರವು ಅವರಿಗೆ ಇರಲಿಲ್ಲ. ಹೊಣೆಯು ಗ್ರಾಮದ್ದು, ಅಧಿಕಾರವು ಅಲೆಕ್ಸಾಂಡ್ರಿಯಾದ್ದು. ಉಪ್ಪಿನ ವ್ಯಾಪಾರಿಗಳ ಕೂಟದಲ್ಲಿ ಹೊಣೆಯೂ ಅಧಿಕಾರವೂ ಜೊತೆಗೂಡಿದ್ದುವಾದ ಕಾರಣ ಅಲ್ಲಿ ಜನರು ತಾವಾಗಿ ಸೇರಿದರು. ತೆರಿಗೆಯ ಹೊಣೆಯಲ್ಲಿ ಅವೆರಡೂ ಅಗಲಿದ್ದ ಕಾರಣ ಜನರು ಊರನ್ನೇ ಬಿಟ್ಟು ಓಡಿದರು. ಪ್ರಾಚೀನ ಗ್ರಾಮಸಂಸ್ಥೆಗಳನ್ನು, ಅವು ಯಾವ ದೇಶದವೇ ಆಗಲಿ, ವಿಮರ್ಶಿಸುವಾಗ ಅಧಿಕಾರಿಗಳ ಹೆಸರುಗಳನ್ನೂ ಸಂಖ್ಯೆಯನ್ನೂ ಎಣಿಸಿದರೆ ಸಾಲದು. ಕೊರತೆ ಬಿದ್ದಾಗ ತುಂಬಿಕೊಡುವವನು ಯಾರು, ಬೇಡವೆನ್ನುವ ಹಕ್ಕು ಯಾರಿಗಿದ್ದಿತು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು.